ನಾಲ್ಕು ಬೆರಳು ಈಚೆಗೆ

ನರಸೀಪುರದ ಮಾರುಕಟ್ಟೆಯಲ್ಲಿ ಗುರುಸಿದ್ದಮ್ಮನ ಮೊಳ ಎಂದರೆ ಎಲ್ಲರಿಗೂ ಗೊತ್ತು. ಬಸ್ ನಿಲ್ದಾಣದಿಂದ ಬರುವ ದಾರಿಯಲ್ಲಿ ಒದ್ದೆ ಗೋಣಿ ಹಾಸಿ, ಹೂವಿನ ಬುಟ್ಟಿ ಮುಂದಿಟ್ಟುಕೊಂಡು ಮೂವತ್ತೊಂದು ವರ್ಷ ಕೂತವಳು ಅವಳು. ಆಚೀಚೆ ಇನ್ನೂ ನಾಲ್ಕು ಜನ ಹೂವಿನವರಿದ್ದರು. ಹೂವೂ ಅದೇ, ಬೆಲೆಯೂ ಅದೇ. ಆದರೂ ಜನ ಇವಳ ಮುಂದೆಯೇ ಬಂದು ನಿಲ್ಲುತ್ತಿದ್ದರು.

ಗುಟ್ಟು ಅವಳ ಕೈಯಲ್ಲಿತ್ತು. ಮೊಳ ಹಾಕುವಾಗ ಅವಳು ಮೊಣಕೈಯಿಂದ ಬೆರಳ ತುದಿಯವರೆಗೆ ಎಳೆಯುತ್ತಿರಲಿಲ್ಲ. ನಾಲ್ಕು ಬೆರಳು ಈಚೆಗೇ ನಿಲ್ಲಿಸುವಳು. ಕೊಳ್ಳುವವಳ ಮುಖ ಇನ್ನೇನು ಸಪ್ಪಗಾಗಬೇಕು, ಅಷ್ಟರಲ್ಲಿ "ತಕ್ಕೊಳವ್ವ, ನಿನ್ ಜಡೆಗೆ ಇಷ್ಟು ಸಾಲಾಕಿಲ್ಲ" ಎಂದು ಸುರುಳಿಯಿಂದ ಆ ನಾಲ್ಕು ಬೆರಳು ಬಿಚ್ಚಿ, ಮೇಲೆ ಎರಡು ಬೆರಳು ಕೊಸರು ಸೇರಿಸಿ ಕತ್ತರಿಸುವಳು. ಪಕ್ಕದ ಮಾದಪ್ಪ ಮೊದಲೇ ಧಾರಾಳವಾಗಿ ಎಳೆದು, ಆಮೇಲೆ ಹೆಚ್ಚಾಯಿತೆಂದು ಹಿಂದಕ್ಕೆ ತೆಗೆಯುತ್ತಿದ್ದ. ಇಬ್ಬರ ಹೂವೂ ಕೊನೆಗೆ ಒಂದೇ ಉದ್ದ. ಅವನಿಂದ ಕೊಂಡವರು ಗೊಣಗಿಕೊಂಡು ಹೋಗುತ್ತಿದ್ದರು, ಇವಳಿಂದ ಕೊಂಡವರು ನಗುತ್ತ ಹೋಗುತ್ತಿದ್ದರು.

ತಂಗಿಯ ಮಗಳು ವನಿತಾ ಮೈಸೂರಿನಲ್ಲಿ ಬಿಬಿಎ ಓದುತ್ತಿದ್ದಳು. ಒಂದು ಭಾನುವಾರ ಬುಟ್ಟಿಯ ಪಕ್ಕ ಕೂತು ಇದನ್ನೆಲ್ಲ ನೋಡಿದವಳು ಕಣ್ಣರಳಿಸಿ ಹೇಳಿದಳು: "ದೊಡ್ಡವ್ವ, ನೀನ್ ಮಾಡೋದೆಲ್ಲ ನಮ್ ಪುಸ್ತಕದಲ್ಲಿ ಅದೆ ಕಣೆ. ಸಿಕ್ಕಿದ್ರ ಖುಷಿಗಿಂತ ಕಳ್ಕಂಡಿದ್ರ ಸಂಕಟ ಜನಕ್ಕೆ ಎರಡರಷ್ಟಂತೆ."

"ಇದ್ನ ಯೋಳಕ್ಕೆ ಪುಸ್ತಕ ಬೇರೆ ಬರ್ದವ್ರಾ? ಮಾದಪ್ಪನ್ ಪಕ್ಕ ಒಂದಿನ ಬಂದು ಕೂತಿದ್ರೆ ಸಾಕಿತ್ತು" ಎಂದಳು ಗುರುಸಿದ್ದಮ್ಮ. ಮಾದಪ್ಪನೂ ನಕ್ಕ.

ಮನೆಯಲ್ಲೂ ಅವಳದು ಅದೇ ಕೈ. ಗಂಡ ತಿಮ್ಮಯ್ಯನಿಗೆ ಊಟ ಸೇರದ ದಿನ ತಟ್ಟೆಗೆ ಅರ್ಧ ಮುದ್ದೆಯನ್ನೇ ಇಡುವಳು. ಅವನು ಅದನ್ನು ಮುಗಿಸಿ ಪಾತ್ರೆಯ ಕಡೆ ನೋಡಿದ ಮೇಲೆ ಇನ್ನರ್ಧ. "ನನ್ಗೂ ಮೊಳ ಆಕ್ತೀಯಲ್ಲಮ್ಮಿ" ಎಂದು ಅವನು ನಗುವನು, ನಕ್ಕು ಉಣ್ಣುವನು. ಮಕ್ಕಳಿಲ್ಲದ ಮನೆ. ನಾಲೆಯ ಪಕ್ಕದ ಹತ್ತು ಗುಂಟೆಯಲ್ಲಿ ಅವನು ಕನಕಾಂಬರ ಬೆಳೆಯುತ್ತಿದ್ದ, ಅವಳು ಕಟ್ಟಿ ಮಾರುತ್ತಿದ್ದಳು.

ಆ ವರ್ಷ ದೀಪಾವಳಿ ಕಳೆದ ವಾರ ತಿಮ್ಮಯ್ಯ ಕಳಲೆಯಿಂದ ಎರಡು ಕಟ್ಟು ಹೊಸ ಸಸಿ ತಂದು ಒದ್ದೆ ಚೀಲದಲ್ಲಿಟ್ಟಿದ್ದ. ಪಾತಿಯೂ ಸಿದ್ಧವಾಗಿತ್ತು. ಅಷ್ಟರಲ್ಲಿ ಅವನ ಹೊಟ್ಟೆನೋವು ತಡೆಯಲಾಗದೆ ಇಬ್ಬರೂ ಮೈಸೂರಿನ ಆಸ್ಪತ್ರೆಗೆ ಹೋದರು. ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಡಾಕ್ಟರು ಅವಳೊಬ್ಬಳಿಗೇ ಹೇಳಿದರು. ಹೊಟ್ಟೆಯ ಗಡ್ಡೆ ಬಲಿತುಹೋಗಿದೆ, ಕೊಯ್ದು ಉಪಯೋಗವಿಲ್ಲ, ಇನ್ನು ಆರು ತಿಂಗಳು.

ವಾಪಸು ಬರುವ ಬಸ್ಸು ವರುಣಾ ದಾಟಿತು. ತಿಮ್ಮಯ್ಯ ಕಿಟಕಿಯಾಚೆ ನೋಡುತ್ತಲೇ ಕೇಳಿದ: "ಎಷ್ಟ್ ದಿನ ಅಂದ್ರು? ಸುಳ್ ಯೋಳ್ಬ್ಯಾಡ."

ಅವಳಿಗೆ ಹೊಳೆದದ್ದು ತನಗೆ ಗೊತ್ತಿದ್ದ ಒಂದೇ ವಿದ್ಯೆ. ಆರು ಎಂದು ಹೇಳಿ, ಐದಕ್ಕೇ ಹೊರಟುಹೋದರೆ ಒಂದು ತಿಂಗಳು ಕಿತ್ತುಕೊಂಡ ಹಾಗೆ. ಈಚೆಗೇ ನಿಲ್ಲಿಸಿದರೆ, ಅದು ದಾಟಿದ ಮೇಲೆ ಏಳುವ ಒಂದೊಂದು ಬೆಳಗೂ ಅವನಿಗೆ ಕೊಸರು. ನಗುತ್ತ ಏಳುತ್ತಾನೆ.

"ಸಂಕ್ರಾಂತಿ ಗಂಟ ಅಂದ್ರು" ಎಂದಳು.

"ಎಳ್ಳು ತಿನ್ನೋಕ್ ಮುಂಚೇನಾ, ಆಮೇಲಾ?" ಎಂದ ತಿಮ್ಮಯ್ಯ. ಅವಳಿಗೆ ನಗು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಸಸಿಯ ಚೀಲದ ಮುಂದೆ ಸುಮ್ಮನೆ ನಿಂತಿದ್ದ.

"ನೆಡಾಕಿಲ್ವಾ?"

"ಮೂರ್ ತಿಂಗ್ಳಿಗೆ ಬರೋ ಊವು. ನಾನ್ ನೋಡ್ದೆ ಇರೋ ಊವಿಗೆ ಯಾಕಮ್ಮಿ ಮಣ್ಣು ಕೆದರ್ಬೇಕು?"

"ನಾನು ನೋಡ್ಕತೀನಿ, ನೆಡಿ."

"ನೀನ್ ಮಾರೋಳು, ನೀರ್ ಕಟ್ಟೋಳಲ್ಲ."

ಆಗಲೇ ಬಾಯಿ ಬಿಡಬಹುದಿತ್ತು. ಸಂಕ್ರಾಂತಿ ದಾಟಲಿ, ಎಲ್ಲ ಸರಿಹೋಗುತ್ತದೆ ಎಂದುಕೊಂಡು ಅವಳು ಬುಟ್ಟಿ ಹೊತ್ತು ಹೊರಟಳು. ಸಸಿ ಚೀಲದಲ್ಲೇ ಒಣಗಿದವು.

ಗಿರಾಕಿಗಳ ಮುಖ ಓದಿದವಳಿಗೆ ಗಂಡನ ರೀತಿ ತಿಳಿಯದೆ ಹೋಯಿತು. ಉಳಿದ ದಿನಗಳಲ್ಲಿ ಅವನು ಒಂದೊಂದೇ ಕೆಲಸ ಮುಗಿಸುತ್ತ ಬಂದ. ತಾಂಡವಪುರದ ಅಕ್ಕನ ಮನೆಗೆ ಹೋಗಿ ಕಾಲು ಮುಟ್ಟಿ ಬಂದ. ಬೀದಿಯ ಒಂದೊಂದು ಬಾಗಿಲಲ್ಲೂ ನಿಂತು, "ಏನಾರ ಅಂದಿದ್ರೆ ಒಟ್ಟೆಗಾಕ್ಕಳಿ, ಓಗ್ಬತ್ತೀನಿ" ಎಂದ. ತನ್ನ ಗುದ್ದಲಿಯನ್ನು ಪಕ್ಕದ ಹೊಲದ ನಿಂಗರಾಜುವಿಗೆ ಕೊಟ್ಟ. ಸಂಕ್ರಾಂತಿಯ ದಿನ ಮಿಂದು, ಬಿಳೀ ಅಂಗಿ ಹಾಕಿಕೊಂಡು, ಚಾಪೆಯ ಮೇಲೆ ಮಲಗಿ ಕಾದ.

ಏನೂ ಆಗಲಿಲ್ಲ. ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಅವಳು ಕಾಫಿ ತಂದು, ಇಷ್ಟು ದಿನ ಬಚ್ಚಿಟ್ಟಿದ್ದ ಸಂತೋಷದಿಂದ ಹೇಳಿದಳು: "ನೋಡಿದ್ರಾ, ಡಾಕ್ಟ್ರು ಸುಳ್ಳಾದ್ರು. ಇನ್ನೇನಿದ್ರೂ ಕೊಸರು."

ಅವನು ನಗಲಿಲ್ಲ. "ಎಲ್ಲಾರ್ಗೂ ಓಗ್ಬತ್ತೀನಿ ಅಂದ್ಬುಟ್ಟಿವ್ನಿ. ಈಗ ಯಾವ್ ಮಕ ಒತ್ಕಂಡು ಬೀದಿಗೋಗ್ಲಿ?"

ಹೋಗಲೂ ಇಲ್ಲ. ಗೋಡೆಯ ಕಡೆ ತಿರುಗಿ ಮಲಗಿದವನು, ಯಾರಾದರೂ ಬಂದರೆ ಟವೆಲನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದ. ಅರ್ಧ ಮುದ್ದೆ ಇಟ್ಟರೆ ಅರ್ಧವೇ ಸಾಕು ಎನ್ನುತ್ತಿದ್ದ. ಪಾತ್ರೆಯ ಕಡೆ ನೋಡುವುದನ್ನೇ ಬಿಟ್ಟ.

ಶಿವರಾತ್ರಿಯ ಹೊತ್ತಿಗೆ ನಿಂಗರಾಜುವಿನ ಕನಕಾಂಬರ ಹೂ ಬಿಟ್ಟಿತು. ಅವನು ಕೊಟ್ಟುಕಳಿಸಿದ ಹೂವನ್ನು ಗುರುಸಿದ್ದಮ್ಮ ನಡುಮನೆಯಲ್ಲಿ ಕೂತು ಕಟ್ಟುತ್ತಿದ್ದಳು. ತಿಮ್ಮಯ್ಯ ಬಹಳ ಹೊತ್ತು ನೋಡಿದ.

"ಅವತ್ತೇ ನೆಟ್ಟಿದ್ರೆ ನಮ್ದೂ ಈಗ ಕೀಳೋಂಗಿರ್ತಿತ್ತು, ಅಲ್ವಾ?"

ಅವಳ ಕೈಯ ದಾರ ನಿಂತಿತು. "ಡಾಕ್ಟ್ರು ಆರ್ ತಿಂಗ್ಳು ಅಂದಿದ್ರು" ಎಂದಳು. "ಸಂಕ್ರಾಂತಿ ಅಂದವ್ಳು ನಾನು."

ಬೈಯುತ್ತಾನೆಂದು ಕಾದಳು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಅವಳ ಮೊಣಕೈಯನ್ನೇ ನೋಡುತ್ತಿದ್ದ.

"ನನ್ಗೂ ನಾಲ್ಕ್ ಬೆಳ್ಳು ಈಚ್ಗೆ ನಿಲ್ಲಿಸ್ಬುಟ್ಯಾ? ಗಿರಾಕಿ ಆದ್ರೆ ನೀನ್ ಬಿಚ್ಚಿ ಕೊಡೋಗಂಟ ನಿಂತಿರ್ತಾನೆ ಕಣಮ್ಮಿ. ನಾನ್ ನಿಲ್ಲಿಲ್ವಲ್ಲ."

ಮಾರನೆಯ ಬೆಳಿಗ್ಗೆ ಅವಳ ಹೆಗಲು ಹಿಡಿದು ಹೊಲದ ಬದುವಿನವರೆಗೆ ಬಂದ. ಖಾಲಿ ಪಾತಿಯಲ್ಲಿ ಕೊನ್ನಾರಿ ಹುಲ್ಲು ಎದ್ದಿತ್ತು. ಬಗ್ಗಿ ಒಂದು ಹಿಡಿ ಕಿತ್ತ, ಇನ್ನೊಂದು ಹಿಡಿಗೆ ಕೈ ಸಾಗಲಿಲ್ಲ. ಯುಗಾದಿಯ ಮೂರನೆಯ ದಿನ ಹೋದ.

ತಿಂಗಳು ಕಳೆದು ಗುರುಸಿದ್ದಮ್ಮ ಮತ್ತೆ ಮಾರುಕಟ್ಟೆಗೆ ಬಂದು ಕೂತಳು. ಮೊದಲ ಮೊಳಕ್ಕೇ ಕೈ ಅಭ್ಯಾಸದಂತೆ ಈಚೆಗೆ ನಿಂತಿತು, ಅವಳು ಅದನ್ನು ಮುಂದಕ್ಕೆಳೆದಳು. ಅಂದಿನಿಂದ ಅವಳು ಪೂರ್ತಿ ಮೊಳ, ಅದರಾಚೆಗೆ ಎರಡು ಬೆರಳಲ್ಲ, ನಾಲ್ಕು ಬೆರಳನ್ನು ಒಂದೇ ಸಲಕ್ಕೆ ಎಳೆದು ಕತ್ತರಿಸತೊಡಗಿದಳು.

ದಿನವೂ ಆಟೋಗೆ ಹೂ ಒಯ್ಯುವ ನಂಜೇಶ್ ಹೂವು ಕೈಗೆ ಬಂದರೂ ಕದಲದೆ ನಿಂತ. "ಏನವ್ವ, ಕೊಸರು ನಿಲ್ಲಿಸ್ಬುಟ್ಯಾ?"

"ಅದ್ರಲ್ಲೇ ಅದೆ ಕಣಪ್ಪ. ಅಳ್ದು ನೋಡು."

ಅವನು ಅಳೆಯಲಿಲ್ಲ. ವಾರ ಕಳೆಯುವುದರಲ್ಲಿ ಮಾದಪ್ಪನ ಮುಂದೆ ನಿಲ್ಲುತ್ತಿದ್ದ. ಮಾದಪ್ಪ ಈಗ ನಾಲ್ಕು ಬೆರಳು ಈಚೆಗೆ ನಿಲ್ಲಿಸುವುದನ್ನು ಕಲಿತಿದ್ದ.

ರಜೆಗೆ ಬಂದ ವನಿತಾ ಎರಡು ದಿನ ನೋಡಿ ಹೇಳಿದಳು: "ದೊಡ್ಡವ್ವ, ಮೊದ್ಲಿನ್ ತರಾನೇ ಆಕು. ನೀನ್ ಜಾಸ್ತಿ ಕೊಟ್ರೂ ಜನಕ್ಕೆ ಕಾಣಾಕಿಲ್ಲ."

"ಗೊತ್ತು ಕಣವ್ವ" ಎಂದು ಗುರುಸಿದ್ದಮ್ಮ ಮಾರಾಟವಾಗದ ಹೂವಿನ ಮೇಲೆ ನೀರು ಚಿಮುಕಿಸಿದಳು. "ಕೈ ಬರಾಕಿಲ್ಲ."