ಅರವತ್ತು ಮೀಟರ್ ತಂತಿಯ ಭಾರ

ಬೆಟಗೇರಿಯ ಗೌಸಸಾಬರು ಮೂವತ್ತು ವರ್ಷಗಳಿಂದ ಕಾರ್ಖಾನೆಗಳಿಗೆ ವಿದ್ಯುತ್ ಪ್ಯಾನೆಲ್ ಕಟ್ಟಿಕೊಡುವವರು. ಅವರ ಕೆಲಸದ ಬಗ್ಗೆ ಯಾರೂ ದೂರಿರಲಿಲ್ಲ, ಲಕ್ಷ್ಮೇಶ್ವರದ ಹತ್ತಿ ಮಿಲ್ಲಿನಿಂದ ಫೋನ್ ಬರುವ ತನಕ.

"ಸಾಬರ, ನಿಮ್ಮ ಮೀಟರ್ ಸುಳ್ಳ ಹೇಳಾಕತ್ತೈತಿ," ಎಂದ ಮಿಲ್ಲಿನ ಮಾಲೀಕ ಲೋಹಿತ.

ಎಲ್ಲ ಮೋಟಾರು ಓಡುವಾಗ ಕೈಯಲ್ಲಿ ಹಿಡಿದು ಅಳೆಯುವ ಮೀಟರು ಇನ್ನೂರು ಆಂಪಿಯರ್ ತೋರಿಸಿದರೆ, ಆಫೀಸಿನ ಗೋಡೆಯ ಮೀಟರು ನೂರ ಎಂಬತ್ತೆಂಟಕ್ಕೇ ನಿಲ್ಲುತ್ತಿತ್ತು. ಗೌಸಸಾಬರು ಎರಡು ಸಲ ಮೀಟರು ಬದಲಿಸಿದರು. ಅದೇ ನೂರ ಎಂಬತ್ತೆಂಟು.

ಮೂರನೇ ಸಲ ಸೀಮಾಳನ್ನು ಕರೆದೊಯ್ದರು. ಹೊಂಬಳದ ಅವಳು ಡಿಪ್ಲೊಮಾ ಮುಗಿಸಿ ಅವರ ಶೆಡ್ಡಿಗೆ ಕೆಲಸಕ್ಕೆ ಬಂದು ಆರು ತಿಂಗಳಾಗಿತ್ತು. ಅವಳು ಮೀಟರನ್ನು ಮುಟ್ಟಲೇ ಇಲ್ಲ. ಪ್ಯಾನೆಲ್ ತೆರೆದು, ದಪ್ಪ ಕೇಬಲ್ಲಿನ ಸುತ್ತ ಬಳೆಯಂತೆ ಕೂತಿದ್ದ ಸಿ.ಟಿ.ಯ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರಿನ, ಮೇಲಿನ ಬರಹ ಓದಿದಳು. ದೊಡ್ಡ ಕರೆಂಟನ್ನು ಐದು ಆಂಪಿಯರಿಗೆ ಇಳಿಸಿ ಮೀಟರಿಗೆ ಕಳಿಸುವುದು ಅದರ ಕೆಲಸ.

"ಚಾಚಾ, ಇದರ ಬರ್ಡನ್ ಬರೇ ಐದು ವಿಎ, ಅಂದ್ರ ಐದು ವೋಲ್ಟ್-ಆಂಪಿಯರ್ ಐತ್ರಿ. ಅದು ಹೊರೂ ಭಾರ ಅಷ್ಟ. ಹೆಚ್ಚು ಹೊರಿಸಿದ್ರ ಲೆಕ್ಕ ತಪ್ಪತೈತಿ."

"ಮೀಟರ್ ಒಂದು ವಿಎ ಸೈತ ತಗೊಳ್ಳಂಗಿಲ್ಲ. ಮತ್ತ್ಯಾವ ಭಾರ?"

"ಇಲ್ಲಿಂದ ಮೀಟರಿಗೆ ಹೋಗೋ ತಂತಿದು ರೀ."

ಗೌಸಸಾಬರು ನಕ್ಕರು. ಆದರೂ ಟೇಪು ಹಿಡಿದರು. ಗೋದಾಮು ಸುತ್ತಿಕೊಂಡು ಆಫೀಸಿಗೆ ಅರವತ್ತು ಮೀಟರ್, ಹೋಗಿಬರಲು ನೂರಿಪ್ಪತ್ತು. ಸೀಮಾ ರಟ್ಟಿನ ತುಂಡಿನ ಮೇಲೆ ಲೆಕ್ಕ ಹಾಕಿ ತೋರಿಸಿದಳು: ತಂತಿಯೊಂದಕ್ಕೇ ಇಪ್ಪತ್ತೆರಡು ವಿಎ.

ಗೌಸಸಾಬರು ಹತ್ತಿ ಅಂಡಿಗೆಯ ಮೇಲೆ ಕೂತುಬಿಟ್ಟರು. ಮೊದಲು ಮೀಟರು ಪ್ಯಾನೆಲ್ ಬಾಗಿಲಲ್ಲೇ ಇತ್ತು. ಲೋಹಿತ ಕೇಳಿದನೆಂದು ಅದನ್ನು ಆಫೀಸಿಗೆ ಸರಿಸಿ ಉದ್ದ ತಂತಿ ಎಳೆದವರು ಅವರೇ.

"ತಪ್ಪು ನಂದ ಐತ್ರಿ," ಎಂದರು ಲೋಹಿತನಿಗೆ.

"ಹಂಗಾರ ಮೂವತ್ತು ವಿಎದ್ದು ದೊಡ್ಡ ಸಿ.ಟಿ. ಹಾಕ್ರಿ!"

"ಅದು ಈ ಪೆಟ್ಟಿಗ್ಯಾಗ ಕುಂಡ್ರಂಗಿಲ್ರಿ," ಎಂದಳು ಸೀಮಾ. "ಐದರ ಬದ್ಲಿ ಒಂದು ಆಂಪಿಯರ್ ಕೊಡೋ ಸಿ.ಟಿ. ಹಾಕೋಣು. ಅದೇ ತಂತಿ, ಕರೆಂಟ್ ಐದರಾಗ ಒಂದ ಪಾಲಾದ್ರ ಭಾರ ಐದೈದ್ಲೆ ಇಪ್ಪತ್ತೈದರಾಗ ಒಂದ ಪಾಲು."

ಮರುವಾರ ಊಟದ ಹೊತ್ತಿಗೆ ಮಿಲ್ಲು ನಿಲ್ಲಿಸಿ ಮೂರು ಕೇಬಲ್ಲುಗಳ ಮೂರೂ ಸಿ.ಟಿ. ಬದಲಿಸಿದರು, ಮೀಟರನ್ನೂ ಒಂದು ಆಂಪಿಯರಿಗೆ ಹೊಂದಿಸಿದರು. ಮೋಟಾರುಗಳು ಮತ್ತೆ ಓಡಿದವು. ಕೈಯಲ್ಲಿ ಇನ್ನೂರು, ಗೋಡೆಯಲ್ಲಿ ನೂರ ತೊಂಬತ್ತೊಂಬತ್ತು. ಲೋಹಿತ ಚಪ್ಪಾಳೆ ತಟ್ಟಿದ. ಗೌಸಸಾಬರು ಮಾತ್ರ ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು.

ಕಳೆದ ತಿಂಗಳು ಶಿರಹಟ್ಟಿಯ ಎಣ್ಣೆ ಮಿಲ್ಲಿನವರು ಪ್ಯಾನೆಲ್ ಕೇಳಿ ಬಂದಾಗ, ಸಿ.ಟಿ. ಆರಿಸುವ ಮೊದಲು ಗೌಸಸಾಬರು ಅವರಿಗೆ ಅರ್ಧ ಗಂಟೆ ಬರ್ಡನ್ ಪಾಠ ಹೇಳಿದರು.

"ಇದನ್ನ ಯಾವ ಕಾಲೇಜಿನ್ಯಾಗ ಕಲತ್ರಿ?" ಎಂದು ಬಂದವರು ಕೇಳಿದರು.

"ಇಕಿ ಕಡೆ," ಎಂದು ಗೌಸಸಾಬರು ಸೀಮಾಳತ್ತ ಕೈ ತೋರಿದರು. "ಐವತ್ತೆಂಟನೇ ವಯಸ್ಸಿನ್ಯಾಗ ಪಾಸ್ ಆದೆ."