ಹೊಳೆಯಾಚೆಯ ಕುರಿಗಳು

ನನ್ನ ಬಾಯಿಯ ಗಾಳಿಗೆ ನಮ್ಮ ಮನೆಯಲ್ಲಿ ಇಂದಿಗೂ ಒಂದಿಷ್ಟು ಮರ್ಯಾದೆ ಉಳಿದಿದೆ. ಕಾಫಿ ಆರಿಸಲು, ಹುರಿದ ಕಡಲೆಕಾಯಿಯ ಸಿಪ್ಪೆ ಹಾರಿಸಲು, ಯಾರದೋ ಕಣ್ಣಿಗೆ ಬಿದ್ದ ಕಸ ತೆಗೆಯಲು ನನಗೇ ಕರೆ ಬರುತ್ತದೆ. ಆದರೆ ಈ ಊದುವಿಕೆಯ ವಿದ್ಯಾಭ್ಯಾಸ ನಡೆದದ್ದು ಒಲೆಯ ಮುಂದಲ್ಲ, ಹೊಸದುರ್ಗದಲ್ಲಿ ಗೆಳತಿ ಶಾಹಿದಾಳ ಮನೆಯ ಟಿವಿಯ ಮುಂದೆ ಎಂದರೆ ನೀವು ನಗುತ್ತೀರಿ; ನಗಿ, ಅಡ್ಡಿಯಿಲ್ಲ.

ಆ ಕಾಲದ ವಿಡಿಯೋ ಗೇಮಿನ ಹಳದಿ ಕ್ಯಾಸೆಟ್ಟು ಹಾಕಿದ ತಕ್ಷಣ ಓಡಿದ್ದುಂಟೆ? ಅದನ್ನು ಕಿತ್ತು, ಹಲ್ಲಿನ ಸಾಲಿನಂಥ ಅದರ ತಗಡುಗಳಿಗೆ ಕೊಳಲೂದಿದಂತೆ ಊದಿ ಮತ್ತೆ ಸಿಕ್ಕಿಸಿದರೆ ಪರದೆಯಲ್ಲಿ ಪ್ರಪಂಚವೊಂದು ಸೃಷ್ಟಿಯಾಗುತ್ತಿತ್ತು. ಊದಿದ್ದರಿಂದ ಉಪಕಾರವೇನೂ ಇಲ್ಲ, ಬಾಯಿಯ ತೇವದಿಂದ ಅಪಕಾರವೇ ಆಗುತ್ತಿತ್ತೆಂದು ಈಚೆಗೆ ಓದಿದೆ. ಬ್ರಹ್ಮನ ಪಕ್ಕ ಕೂತಿದ್ದೇನೆಂದು ಬೀಗುತ್ತಿದ್ದವಳು ತುಕ್ಕು ಹಿಡಿಸುವವಳಾದೆ!

ಐವತ್ತರ ಅಂಚಿನಲ್ಲಿ ನನಗೆ ಹತ್ತಿರುವ ಚಟವೆಂದರೆ, ಸಾರು ಕುದಿಯುವ ಹೊತ್ತಿನಲ್ಲಿ ಹಳೆಯ ಆಟಗಳ ವಿಮರ್ಶೆ ಬರೆದು ಗೆಳತಿಯರಿಗೆ ಕಳಿಸುವುದು. ಎರಡು ಬಿಳಿಗೆರೆಗಳ ನಡುವೆ ಚುಕ್ಕಿಯೊಂದು ಪುಟಿದಾಡಿದ ಆದಿಯುಗದಿಂದ ಹಿಡಿದು, ಎಷ್ಟು ಜೋಡಿಸಿದರೂ ಮೇಲಿಂದ ಬೀಳುತ್ತಲೇ ಇರುವ ಇಟ್ಟಿಗೆಗಳವರೆಗೆ (ಅದು ಆಟವಲ್ಲ, ಗೃಹಕೃತ್ಯ ಎಂದು ನನ್ನ ಅಭಿಪ್ರಾಯ) ಎಲ್ಲಕ್ಕೂ ತೀರ್ಪು ಕೊಟ್ಟಿದ್ದೇನೆ. ಒಂದಕ್ಕೆ ಮಾತ್ರ ಕೊಟ್ಟಿರಲಿಲ್ಲ.

ಆ ಕ್ಯಾಸೆಟ್ಟಿನ ಮೇಲೆ ರೇಸಿನ ಕಾರಿನ ಚಿತ್ರ. ಒಳಗಿದ್ದದ್ದು ಕುರಿ ಕಾಯುವವನು. ಹೆಗಲ ಮೇಲಿನ ಕಪ್ಪು ಚೌಕ, ಮತ್ತೋಡು ಹಳ್ಳಿಯಲ್ಲಿದ್ದ ನಮ್ಮ ಚಿಕ್ಕಪ್ಪನ ಕಂಬಳಿಯಂತೆಯೇ ಇದ್ದುದರಿಂದ ಅವನೂ ನಮಗೆ ಚಿಕ್ಕಪ್ಪನೇ. ಗುಡ್ಡ ಹತ್ತಿಸಿ, ಮುಳ್ಳು ದಾಟಿಸಿ, ಕುರಿಗಳೊಂದಿಗೆ ಅವನನ್ನು ಕೊನೆಯ ಹೊಳೆಗೆ ತರುವಷ್ಟರಲ್ಲಿ ನಮ್ಮೂರಿನ ಕರೆಂಟು ತಪ್ಪದೆ ಹೋಗುತ್ತಿತ್ತು. ನೆನಪಿನ ಶಕ್ತಿಯಿಲ್ಲದ ಆ ಯಂತ್ರ ಮತ್ತೆ ಮೊದಲ ಗುಡ್ಡವನ್ನೇ ತೋರಿಸುತ್ತಿತ್ತು. ಆಚೆ ದಡದಲ್ಲಿ ದೀಪ ಹಚ್ಚಿದ ಮನೆಯಿದೆ ಎಂದು ಶಾಹಿದಾ, ಬರೀ ಹಸಿರು ಹುಲ್ಲು ಎಂದು ನಾನು. ಮದುವೆಗಳಾದವು, ಕೂದಲು ಬೆಳ್ಳಗಾದವು, ವ್ಯಾಜ್ಯ ಮಾತ್ರ ಇತ್ಯರ್ಥವಾಗಲಿಲ್ಲ.

ಮೊನ್ನೆ ಮಧ್ಯಾಹ್ನ ಶಾಹಿದಾ ಆ ಹಳೆಯ ಗೇಮಿನ ಪೆಟ್ಟಿಗೆಯನ್ನೇ ಕ್ಯಾಸೆಟ್ಟಿನ ಸಮೇತ ಚೀಲದಲ್ಲಿ ಹಾಕಿಕೊಂಡು ಬಂದಳು. ಅವಳೇ ಆಡುಗಾರ್ತಿ, ನಾನು ಯಾವತ್ತೂ ಊದುಗಾರ್ತಿ. ವರ್ಷಗಟ್ಟಲೆ ಹೊಲಿದು ಹೊಲಿದು ಅವಳ ಬಲಗೈಯ ಹೆಬ್ಬೆರಳು ಬಿಗಿದುಕೊಂಡಿದೆ.

“ಇದು ದಿನಾ ಇಷ್ಟಿಷ್ಟೇ ಮರಗಟ್ತಾ ಐತೆ ಕಣೇ. ಆಚೆ ದಡ ಈಗ ನೋಡಿದ್ರೆ ನೋಡಿದಂಗೆ. ನಾನು ನಡೆಸ್ತೀನಿ, ನೀನು ಹಾರ್ಸು.”

“ನಾನಾ? ಚಿಕ್ಕಪ್ಪ ಮುಳುಗಿದಂಗೇ!”

“ಮುಳುಗ್ಲಿ. ನಿನ್ ಕಡೆ ಸಂಬಂಧಾನೇ ತಾನೇ?”

ಒಂದೇ ರಿಮೋಟಿನ ಎಡ ತುದಿ ಅವಳಿಗೆ, ಬಲ ತುದಿ ನನಗೆ. ಭುಜಕ್ಕೆ ಭುಜ ತಾಗಿಸಿ ಕುಳಿತ ನಮ್ಮನ್ನು ಯಾರಾದರೂ ನೋಡಿದ್ದರೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೇವೆಂದುಕೊಳ್ಳುತ್ತಿದ್ದರು. “ಈಗ! ಲೇ, ಈಗ!” ಎಂದು ಅವಳು ಕೂಗಿದಾಗಲೆಲ್ಲ ನಾನು ಗುಂಡಿಯೊತ್ತುವುದರ ಜೊತೆಗೆ ಕೂತಲ್ಲೇ ನೆಗೆಯುತ್ತಿದ್ದೆ. ಎಷ್ಟೋ ಸಲ ಮುಳುಗಿ, ಎಷ್ಟೋ ಸಲ ಮೊದಲ ಗುಡ್ಡದಿಂದ ಹೊರಟು, ಮನೆಯೊಳಗೆ ಬಿಸಿಲು ಗೋಡೆ ಬದಲಿಸುವ ಹೊತ್ತಿಗೆ, ತೇಲುವ ಮರದ ತುಂಡುಗಳ ಮೇಲೆ ಕುರಿಗಳೆಲ್ಲ ಒಂದರ ಹಿಂದೊಂದು ಮೋಡದ ಚೂರುಗಳಂತೆ ದಾಟಿದವು. ಕೊನೆಗೆ ಚಿಕ್ಕಪ್ಪನೂ ದಾಟಿದ.

ಪರದೆ ಕಪ್ಪಾಯಿತು. ಆಮೇಲೆ ಕಂಡದ್ದು ಮನೆಯಲ್ಲ, ಹುಲ್ಲೂ ಅಲ್ಲ. ಅದೇ ಮೊದಲ ಗುಡ್ಡ, ಅದೇ ಮುಳ್ಳು, ಅದೇ ಕುರಿಗಳು.

“ಇಷ್ಟೇನಾ?” ಎಂದೆ, ಮುಖ ಸಣ್ಣದು ಮಾಡಿಕೊಂಡು.

ಶಾಹಿದಾ ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದಳು. “ಆಕಾಶ ನೋಡೇ. ಆವಾಗ ನೀಲಿ ಇತ್ತು, ಈಗ ಕೇಸರಿ ಐತೆ. ಅವ್ರಿಗೂ ಸಂಜೆ ಆಗೈತೆ.”

ಹೌದು, ಸಂಜೆಯಾಗಿತ್ತು. ಇಷ್ಟು ವರ್ಷ ಕಾದ ವಿಮರ್ಶೆಗೆ ಆ ಒಂದು ಬಣ್ಣ ಸಾಕೆನಿಸಿತು. ಅಷ್ಟರಲ್ಲಿ ಕರೆಂಟು, ತನ್ನ ಹಳೆಯ ನಿಷ್ಠೆಯನ್ನು ಬಿಡದೆ, ಹೋಯಿತು.

ನಾನು ಎದ್ದು ಕಾಫಿ ಮಾಡಿದೆ. ಬಿಸಿ ಲೋಟ ಹಿಡಿಯಲು ಅವಳ ಬೆರಳಿಗೆ ಕಷ್ಟವೆಂದು ಅದನ್ನು ನನ್ನ ಕೈಯಲ್ಲೇ ಹಿಡಿದು ಮೆಲ್ಲಗೆ ಊದತೊಡಗಿದೆ. ಕತ್ತಲಾದ ಪರದೆಯಿಂದ ಕಣ್ಣು ಕೀಳದೆಯೇ ಶಾಹಿದಾ ಹೇಳಿದಳು: “ಸಾಕು ಕೊಡೇ. ಕರೆಂಟ್ ಬರ್ಲಿ, ಇನ್ನೊಂದ್ ಸಲ ಹೋಗಾಣ.”