ಟೈಪಮ್ಮ ಸಹಿ ಹಾಕಿದ್ದು

ನನ್ನ ತಂಗಿ ಜೊತೆ ಮಾತಾಡುವಾಗ ಅವಳ ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ, ಬಲಗಾಲು ನೋಡಬೇಕು. ಮಾತು ಹಿಡಿಸಿದ್ರೆ ಪಾದ ನೆಲಕ್ಕೆ ಅಂಟಿರತ್ತೆ. ಸಾಕು ಅನ್ನಿಸಿದ್ರೆ ಮುಂಗಾಲು ಮೇಲಕ್ಕೆ ಎತ್ತಿಬಿಡ್ತಾಳೆ. ಇಪ್ಪತ್ತೆರಡು ವರ್ಷ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು, ಕಾಲಲ್ಲಿ ಪೆಡಲ್ ಒತ್ತಿ ಟೇಪು ಕೇಳ್ತಾ ಟೈಪ್ ಮಾಡಿದವಳು. ಒತ್ತಿದ್ರೆ ಮಾತು ಓಡತ್ತೆ, ಬಿಟ್ರೆ ನಿಲ್ಲತ್ತೆ. ನಮ್ಮ ಯಜಮಾನರು ಬದುಕಿದ್ದಾಗ, ಇವಳು ಹಬ್ಬಕ್ಕೆ ಮನೆಗೆ ಬಂದಿದ್ದಾಗ, ಅವರು ಊಟಕ್ಕೆ ಕೂತು ರಾಜಕೀಯ ತೆಗೆದ್ರೆ ಇವಳ ಕಾಲು ಮೇಜಿನ ಕೆಳಗೆ ಟಪ್ ಅಂತ ಏಳೋದು. "ನೋಡೇ, ನಿನ್ನ ತಂಗಿ ನನ್ನ ಆಫ್ ಮಾಡಿದ್ಲು" ಅನ್ನೋರು ಅವರು. ಅದಕ್ಕೇ ಮನೆಯಲ್ಲೂ ಬೀದಿಯಲ್ಲೂ ಅವಳು ಟೈಪಮ್ಮ. ಅಪ್ಪ ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಇದೆ.

ಗಂಡ ತೀರಿಕೊಂಡಾಗ ಅವಳಿಗೆ ಮೂವತ್ತೊಂದು, ಮಗಳಿಗೆ ನಾಲ್ಕು. ಯಾರೋ ಕರ್ಕೊಂಡು ಹೋಗಿ ಒಬ್ಬ ಗುರುಗಳ ಮಂಡಳಿಗೆ ಸೇರಿಸಿದ್ರು. ಊರಾಚೆ ದೊಡ್ಡ ಕಾಂಪೌಂಡು, ಒಳಗೇ ಮನೆಗಳು, ಸ್ಕೂಲು, ಪ್ರೆಸ್ಸು. ದಿನಾ ಸಂಜೆ ಗುರುಗಳ ಪ್ರವಚನ. ಅವರು ಊಟ ಹಾಕಿದ್ರು, ಮಗಳಿಗೆ ಪಾಠ ಹೇಳಿದ್ರು, ಇವಳಿಗೆ ಗ್ರಂಥ ವಿಭಾಗದಲ್ಲಿ ಒಂದು ಮೇಜು ಕೊಟ್ರು. ಅದನ್ನ ನಾನು ಆಡ್ಕೊಳ್ಳಲ್ಲ. ಆವಾಗ ನಮ್ಮನೇಲಿ ಅವಳಿಗೆ ಒಂದು ಮೂಲೆ ಬಿಟ್ಟುಕೊಡೋಕೆ ನನ್ನ ಕೈಲಿ ಆಗಿರಲಿಲ್ಲ, ನಮ್ಮತ್ತೆ ಇದ್ರು. ನಮ್ಮತ್ತೆ ವಿಷಯ ಬೇಡ ಬಿಡು, ಅದನ್ನ ಬರೆಯೋಕೆ ನೀನು ಬರ್ಕೊಳ್ತಿರೋ ಈ ನೋಟ್‌ಬುಕ್ ಸಾಲಲ್ಲ ಪುಟ್ಟಿ.

ಇವಳ ಕೆಲಸ ಅಂದ್ರೆ ಗುರುಗಳು ಸಂಜೆ ಹೇಳಿದ್ದನ್ನ ಬೆಳಿಗ್ಗೆ ಕಾಗದಕ್ಕೆ ಇಳಿಸೋದು. ಮೇಲಿನ ಪ್ರತಿ ವಿಭಾಗದ ಮುಖ್ಯಸ್ಥರಿಗೆ, ಅವರು ತಿದ್ದಿ ಪುಸ್ತಕ ಮಾಡೋರು. ಕೆಳಗಿನ ಕಾರ್ಬನ್ ಪ್ರತಿ ಹರಿದು ಹಾಕಬೇಕು ಅಂತ ನಿಯಮ. ಆದ್ರೆ ನಮ್ಮಮ್ಮ ಸಾಕಿದ ಕೈ ನೋಡು, ಒಂದು ಬದಿ ಖಾಲಿ ಇರೋ ಕಾಗದ ಹರಿಯೋಕೆ ಮನಸ್ಸು ಬರತ್ತಾ? ಎಲ್ಲಾ ಮನೆಗೆ ತಂದು ಹಿಂಬದಿಯಲ್ಲಿ ಮಗಳ ಕೈಲಿ ಲೆಕ್ಕ ಮಾಡಿಸೋಳು. ಈ ಕಡೆ ಭಾಗಾಕಾರ, ಆ ಕಡೆ ಮೋಕ್ಷ. ಹೀಗೆ ಎರಡು ಟ್ರಂಕು ತುಂಬಿತ್ತು.

ಒಂದು ಸಂಜೆ ಗುರುಗಳು ಕಾಯಿಲೆ ಬಗ್ಗೆ ಹೇಳಿದ್ರು. ಮುಂದಿನ ಸಾಲಲ್ಲಿ ಮಂಡಳಿಯ ಬಡಗಿ ಕೂತಿದ್ದ, ಪಕ್ಕದಲ್ಲಿ ಅವನ ಒಂಬತ್ತು ವರ್ಷದ ಮಗಳು. ಆ ಮಗುವಿಗೆ ಹುಟ್ಟಿನಿಂದಲೇ ಅನ್ನೋ ಹಾಗೆ ಸಕ್ಕರೆ ಕಾಯಿಲೆ, ದಿನಾ ಸೂಜಿ ಚುಚ್ಚಬೇಕು. ಗುರುಗಳು ಅಂದದ್ದು ಇಷ್ಟೇ: "ಸೂಜಿ ಹಿಡಿದ ಕೈ ದೇವರನ್ನ ಹಿಡಿಯಲ್ಲ. ಇವತ್ತಿಂದ ಅದನ್ನ ಕೆಳಗಿಡಿ. ಮಗು ನನ್ನ ಲೆಕ್ಕಕ್ಕೆ ಬಿಡಿ." ಬಡಗಿ ಕೆಳಗಿಟ್ಟ. ಐದನೇ ದಿನ ಮಗು ಹೋಯ್ತು. ಮಗುವನ್ನ ಮಣ್ಣು ಮಾಡೋಕೆ ಪುಟ್ಟ ಪೆಟ್ಟಿಗೆಯನ್ನ ಅವನೇ ಮಾಡಿದ್ದಂತೆ, ಉಜ್ಜು ಕಾಗದ ಹಾಕಿ ನುಣುಪು ಮಾಡಿದ್ದ ಅಂತ ಇವಳು ಹೇಳಿದ್ಲು. ಅಷ್ಟು ಹೇಳಿ ಕಾಲೆತ್ತಿಬಿಟ್ಲು, ನಾನೂ ಮತ್ತೆ ಕೇಳಲಿಲ್ಲ.

ಪುಸ್ತಕ ಬಂದಾಗ ಆ ಮಾತು ಅದರಲ್ಲಿ ಇರಲಿಲ್ಲ. ಇವಳು ಹೋಗಿ ಮುಖ್ಯಸ್ಥರನ್ನ ಕೇಳಿದ್ಲು. "ಅದು ಆ ಹೊತ್ತಿಗೆ ಆಡಿದ್ದು ತಾಯಿ, ಪುಸ್ತಕಕ್ಕೆ ಆಡಿದ್ದಲ್ಲ" ಅಂದ್ರು, ಬಹಳ ಮರ್ಯಾದೆಯಿಂದ.

ಆವತ್ತೇ ಎದ್ದು ಬಂದ್ಲಾ ಅಂತ ಕೇಳಬೇಡ. ಇನ್ನೂ ಎಂಟು ವರ್ಷ ಅಲ್ಲೇ ಪೆಡಲ್ ಒತ್ತಿದ್ಲು. ಮಗಳ ಮದುವೆ ಒಳಗೇ ಆಯ್ತು, ಉಗ್ರಾಣ ನೋಡ್ಕೊಳ್ಳೋನ ಜೊತೆ. ಆಮೇಲೆ ಇವಳ ಕಣ್ಣಿಗೆ ಪೊರೆ ಬಂತು. ಟೈಪ್ ಆಗಲ್ಲ ಅಂದಾಗ ಒಂದು ಶಾಲು ಹೊದಿಸಿ ಹೊರಗೆ ಕಳಿಸಿದ್ರು. ಅಷ್ಟೊತ್ತಿಗೆ ನಾನೂ ಒಂಟಿ. ಜೆರಾಕ್ಸ್ ಅಂಗಡಿ ಮೇಲಿನ ಈ ಎರಡು ರೂಮಿಗೆ ಎರಡು ಟ್ರಂಕಿನ ಜೊತೆ ಬಂದ್ಲು. ಮಗಳನ್ನ ನೋಡೋಕೆ ತಿಂಗಳ ಮೊದಲನೇ ಭಾನುವಾರ ಒಂದು ಗಂಟೆ ಬಿಡೋರು. ಗೇಟಿನ ಪಕ್ಕದ ರೂಮು, ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಮಂಡಳಿಯ ಇನ್ನೊಬ್ಬಾಕೆ ಹೆಣಿಗೆ ಹಾಕ್ತಾ ಕೂತಿರೋದು. ಆ ಒಂದು ಗಂಟೆಗೆ ಇವಳು ತಿಂಗಳೆಲ್ಲಾ ತಯಾರಿ. ಏನು ಹೇಳಬೇಕು ಅಂತ ಚೀಟಿ ಬರೆದುಕೊಂಡು ಹೋಗೋಳು, ಅಲ್ಲಿ ಚೀಟಿ ತೆಗೀತಾನೇ ಇರಲಿಲ್ಲ.

ಕಣ್ಣಿನ ಆಪರೇಷನ್ ಆದ್ಮೇಲೆ ಕಂಪ್ಯೂಟರ್ ಹುಚ್ಚು ಹಿಡೀತು. ಕೆಳಗಿನ ಅಂಗಡಿಯವನು ಕಲಿಸಿದ. ಅವನು ಒಳ್ಳೆಯವನೇ, ಎಲ್ಲಾ ಮಾತನ್ನೂ ಎರಡೆರಡು ಸಲ ಹೇಳ್ತಾನೆ. ಒಂದು ಮೂಲ, ಒಂದು ನಕಲು ಅಂತ ನಾವು ನಗ್ತೀವಿ. ಅವನ ಸಹಾಯದಲ್ಲಿ ಒಂದು ವೆಬ್‌ಸೈಟ್ ಮಾಡಿದ್ಲು, ತನ್ನ ಹೆಸರು ಎಲ್ಲೂ ಹಾಕದೆ. ಎಡಗಡೆ ಗುರುಗಳು ಹೇಳಿದ್ದು, ಬಲಗಡೆ ಪುಸ್ತಕದಲ್ಲಿ ಬಂದದ್ದು. ಬೈಗುಳ ಇಲ್ಲ, ವ್ಯಾಖ್ಯಾನ ಇಲ್ಲ. ಸೂಜಿಯ ಮಾತಿನ ಕೆಳಗೆ ಮಾತ್ರ, ಬಡಗಿಯ ಮಗಳು ಎಷ್ಟನೇ ದಿನ ಹೋಯ್ತು ಅಂತ ಒಂದು ಸಾಲು.

ಜನ ಓದಿದ್ರು. ಎಲ್ಲಿಂದಲೋ ಒಬ್ಬಾಕೆ ಬರೆದಿದ್ಲು: ನಾನೂ ನನ್ನ ಮಗನ ಸೂಜಿ ನಿಲ್ಲಿಸೋಳಿದ್ದೆ, ಇದನ್ನ ಓದಿ ನಿಲ್ಲಿಸಲಿಲ್ಲ. ಅದನ್ನ ಇವಳು ನನಗೆ ನಾಲ್ಕು ಸಲ ಓದಿ ಹೇಳಿದ್ಲು. ನಾಲ್ಕನೇ ಸಲ ನಾನೇ ಕಾಲೆತ್ತಿದೆ.

ಆಮೇಲೆ ಒಂದು ಬುಧವಾರ ನೋಡಿದ್ರೆ ಸೂಜಿ ಮಾತಿನ ಆ ಪುಟವೇ ಇಲ್ಲ. ವೆಬ್‌ಸೈಟ್ ಇಟ್ಟುಕೊಂಡಿರೋ ಕಂಪನಿಯಿಂದ ಒಂದು ಪತ್ರ ಬಂದಿತ್ತು. ಅಂಗಡಿಯವನು ಕನ್ನಡಕ ಹಣೆಗೇರಿಸಿ ಓದಿದ.

"ಮಂಡಳಿಯವರು ದೂರು ಕೊಟ್ಟಿದ್ದಾರಮ್ಮ, ದೂರು. ಕಾಪಿರೈಟ್ ಅಂತೆ. ಗುರುಗಳ ಪ್ರವಚನ ಮಂಡಳಿಯ ಸೊತ್ತು, ಅಪ್ಪಣೆ ಇಲ್ಲದೆ ಹಾಕಿದ್ದಾರೆ ಅಂತ. ದೂರು ಬಂದ ಕೂಡಲೇ ಕಂಪನಿಯವರು ತೆಗೆದುಬಿಡ್ತಾರೆ."

"ಸುಳ್ಳು ಅಂತ ಬರೆದಿದ್ದಾರಾ?" ಅಂದ್ಲು ಟೈಪಮ್ಮ.

"ಇಲ್ಲಮ್ಮ. ನಮ್ಮದು ಅಂತ ಬರೆದಿದ್ದಾರೆ."

"ಹಾಗಾದ್ರೆ ಆ ಮಾತು ಆಡಿದ್ದು ನಿಜ ಅಂತ ಒಪ್ಕೊಂಡ ಹಾಗಾಯ್ತಲ್ಲೋ" ಅಂದೆ ನಾನು.

"ಒಪ್ಕೊಂಡ್ರು ದೊಡ್ಡಮ್ಮ, ಒಪ್ಕೊಂಡ್ರು. ಆದ್ರೆ ಓದೋಕೆ ಪುಟ ಎಲ್ಲಿದೆ?"

ದಾರಿ ಇಲ್ವಾ ಅಂದ್ರೆ, ಇತ್ತು. ಟೀಕೆ ಮಾಡೋಕೆ ಬೇರೆಯವರ ಮಾತು ಸ್ವಲ್ಪ ಎತ್ತಿ ತೋರಿಸಬಹುದು, ಅದಕ್ಕೆ ಕಾನೂನಲ್ಲಿ ಅವಕಾಶ ಇದೆಯಂತೆ. ತಕರಾರು ಅರ್ಜಿ ತುಂಬಬೇಕು. ಹದಿನಾಲ್ಕು ಕೆಲಸದ ದಿನದೊಳಗೆ ಅವರು ಕೋರ್ಟಿಗೆ ಹೋಗದಿದ್ರೆ ಪುಟ ವಾಪಸ್ ಬರತ್ತೆ. ಆದ್ರೆ ಅರ್ಜಿಯಲ್ಲಿ ನಿಜವಾದ ಹೆಸರು, ವಿಳಾಸ, ಫೋನು, ಸಹಿ ಎಲ್ಲಾ ಇರಬೇಕು. ಅದರ ಒಂದು ಪ್ರತಿ ನೇರ ಮಂಡಳಿಗೆ ಹೋಗತ್ತೆ.

ಮೆಟ್ಟಿಲು ಹತ್ತಿ ಮೇಲೆ ಬಂದು ನಾನೇ ಬಾಯಿಬಿಟ್ಟೆ. "ಹಾಕಬೇಡ ಕಣೇ. ಹೆಸರು ಹೋದ್ರೆ ಆ ಭಾನುವಾರವೂ ಹೋಗತ್ತೆ. ಊರಿನ ಮಕ್ಕಳನ್ನೆಲ್ಲಾ ನೀನು ಹೆತ್ತಿದೀಯಾ?"

"ಹೆತ್ತ ಮಗಳನ್ನೇ ನೋಡೋಕೆ ಗಂಟೆ ಲೆಕ್ಕ ಇದೆ ಅಕ್ಕ" ಅಂದ್ಲು. ಆದ್ರೂ ಸಹಿ ಹಾಕಲಿಲ್ಲ. ಅರ್ಜಿಯನ್ನ ಮಡಿಸಿ ಸೀರೆಗಳ ಮಧ್ಯೆ ಇಟ್ಲು. ನನಗೆ ಸಮಾಧಾನ ಆಯ್ತು, ಸುಳ್ಳು ಯಾಕೆ ಹೇಳಲಿ. ಬರ್ಕೋ ಪುಟ್ಟಿ, ಅದನ್ನೂ ಬರ್ಕೋ.

ಎರಡು ತಿಂಗಳು ಹೀಗೇ ಕಳೆದ ಮೇಲೆ ಇನ್ನೊಂದು ಮೊದಲನೇ ಭಾನುವಾರ ಬಂತು. ಅವತ್ತು ನಾನೂ ಜೊತೆಗೆ ಹೋಗಿದ್ದೆ. ಮಗಳು ಖುಷಿಯಲ್ಲಿದ್ಲು.

"ದೊಡ್ಡಮ್ಮ, ನಿಮ್ಮ ಮಂಡಿ ಹೇಗಿದೆ? ಒಳಗೆ ಬಂದಿದ್ರೆ ಇಷ್ಟೊತ್ತಿಗೆ ವಾಸಿ ಆಗಿರೋದು."

"ನನ್ನ ಮಂಡಿಗೆ ನಾನೇ ಗುರು ಕಣಮ್ಮ" ಅಂದೆ. ಹೆಣಿಗೆಯವಳೂ ನಕ್ಕಳು.

ಆಮೇಲೆ ಅವಳು ಅಮ್ಮನ ಕಡೆ ತಿರುಗಿದ್ಲು. "ನಮ್ಮ ಸ್ಕೂಲಿಗೆ ಹೊಸ ಟೀಚರ್ ಬಂದಿದ್ದಾರಮ್ಮ, ಮೊನ್ನೆ ಮೊನ್ನೆ. ಗಂಡ ಇಲ್ಲ, ಒಬ್ಬಳೇ ಮಗಳು, ಸಕ್ಕರೆ ಕಾಯಿಲೆ. ಬರೋ ಮುಂಚೆ ಇಂಟರ್ನೆಟ್‌ನಲ್ಲಿ ಎಲ್ಲಾ ಹುಡುಕಿ ನೋಡಿದ್ರಂತೆ. ಮಂಡಳಿ ಬಗ್ಗೆ ಒಂದೇ ಒಂದು ಕೆಟ್ಟ ಮಾತು ಸಿಗಲಿಲ್ವಂತೆ. ಈಗ ಮಗುವಿಗೆ ಸೂಜಿ ಕಡಿಮೆ ಮಾಡ್ತಿದ್ದಾರೆ. ಎಷ್ಟು ಲವಲವಿಕೆಯಿಂದ ಇದೆ ಗೊತ್ತಾ?"

ನನ್ನ ತಂಗಿ ಮಗಳ ಕೈ ಹಿಡಿದುಕೊಂಡೇ ಇದ್ಲು. "ಸೂಜಿ ಬಿಡಬಾರದು ಅಂತ ಅವರಿಗೆ ಹೇಳು" ಅಂದ್ಲು, ಮೆಲ್ಲಗೆ. ಮೂಲೆಯಲ್ಲಿ ಹೆಣಿಗೆ ನಿಂತುಹೋಯ್ತು. "ಅಮ್ಮಾ" ಅಂದ್ಲು ಮಗಳು, ಗದರಿದ ಹಾಗೆ. ಗಂಟೆ ಮುಗಿಯೋಕೆ ಇನ್ನೂ ಹತ್ತು ನಿಮಿಷ ಇತ್ತು, ಆ ಹತ್ತು ನಿಮಿಷ ಮಳೆ ಬಿಸಿಲಿನ ಮಾತಾಡಿದ್ವಿ.

ಸೋಮವಾರ ಬೆಳಿಗ್ಗೆಯೇ ಮಕ್ಕಳ ರಕ್ಷಣೆಯ ಕಚೇರಿಗೆ ಹೋದ್ವಿ. ಅವರು ಜೀಪಲ್ಲಿ ಹೋಗಿ, ಮಗು ಆಡ್ತಿರೋದನ್ನ ನೋಡಿ, ಟೀ ಕುಡಿದು ಬಂದ್ರು. "ತಾಯಿ ಜೊತೆಗೇ ಇದೆ, ಚೆನ್ನಾಗಿದೆ" ಅಂದ್ರು. ಅಲ್ಲಿಂದ ಬಂದವಳು ಸೀರೆಗಳ ಮಧ್ಯದಿಂದ ಅರ್ಜಿ ತೆಗೆದ್ಲು. ನಾನು ಎದುರಿಗೇ ನಿಂತಿದ್ದೆ. ಈ ಸಲ ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅಪ್ಪ ಇಟ್ಟ ಹೆಸರು ಪೂರ್ತಿ ಬರೆದ್ಲು, ನಮ್ಮ ವಿಳಾಸ ಬರೆದ್ಲು, ಸಹಿ ಹಾಕಿದ್ಲು.

ಮಂಡಳಿಯವರು ಕೋರ್ಟಿಗೆ ಹೋಗಲಿಲ್ಲ. ಆ ಹದಿನಾಲ್ಕು ಕೆಲಸದ ದಿನ ಕಳೆದ ಮೇಲೆ ಪುಟ ಸುಮ್ಮನೆ ವಾಪಸ್ ಬಂತು. ಅವರಿಗೆ ಕೋರ್ಟು ಯಾಕೆ? ಬೇಕಾದ ಹೆಸರು ಕೈಗೆ ಬಂದಿತ್ತಲ್ಲ. ಮುಂದಿನ ತಿಂಗಳ ಭಾನುವಾರ ಗೇಟಿನವಳು ಪಟ್ಟಿ ಮೇಲೆ ಬೆರಳಾಡಿಸಿ "ನಿಮ್ಮ ಹೆಸರಿಲ್ಲ ತಾಯಿ" ಅಂದ್ಲಂತೆ. ಹತ್ತು ದಿನಕ್ಕೆ ಮಗಳ ಪತ್ರ ಬಂತು. ಯಾರೋ ಟೈಪ್ ಮಾಡಿದ್ದು, ಸಹಿ ಮಾತ್ರ ಅವಳದು. ನನ್ನನ್ನ ನೋಡೋಕೆ ಬರಬೇಡಿ, ಫೋನ್ ಮಾಡಬೇಡಿ ಅಂತ. ಅಮ್ಮನಿಗೆ "ತಾವು" ಅಂತ ಬರೆದಿತ್ತು.

ಅದಾದ್ಮೇಲೆ ಟೈಪಮ್ಮ ವೆಬ್‌ಸೈಟಿನ ಮೇಲೆ ತನ್ನ ಹೆಸರು, ವಿಳಾಸ ತಾನೇ ಹಾಕಿದ್ಲು. ಇನ್ನು ಯಾರಿಂದ ಮುಚ್ಚಿಡೋದು ಅಂತ. ಆ ವಿಳಾಸ ಹಿಡಿದು ಒಂದು ಮಧ್ಯಾಹ್ನ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದ್ಲು. ಕೈಯಲ್ಲಿ ಏನೂ ಇಲ್ಲ, ಒಂದು ಪರ್ಸು ಕೂಡ. ಯಾರು ಅಂತ ಅವಳೇ ಹೇಳಿದ್ಲು: ಆ ಟೀಚರ್.

"ಮಗು ಹೇಗಿದೆ?" ಅಂತ ಕೇಳಿಬಿಟ್ಟೆ ನಾನು. ಕೇಳಬಾರದಿತ್ತು.

ಅವಳು ನನ್ನ ತಂಗಿಯನ್ನೇ ನೋಡ್ತಾ, "ನಾನು ಹುಡುಕಿದಾಗ ಇದು ಎಲ್ಲಿತ್ತು?" ಅಂದ್ಲು.

"ಆಗ ತೆಗೆಸಿದ್ರು."

"ವಾಪಸ್ ಹಾಕಿಸೋಕೆ ಆಗ್ತಿರಲಿಲ್ವಾ?"

"ಆಗ್ತಿತ್ತು. ನಾನು ಎರಡು ತಿಂಗಳು ಸಹಿ ಹಾಕಲಿಲ್ಲ."

"ಯಾಕೆ?"

"ನನ್ನ ಮಗಳು ಒಳಗಿದ್ದಾಳೆ."

ಟೀಚರ್ ಕುರ್ಚಿ ಎಳೆದು ಕೂತ್ಲು. ನಾನು ನೀರು ತಂದಿಟ್ಟೆ, ಮುಟ್ಟಲಿಲ್ಲ. ಬೈದಿದ್ರೆ ಚೆನ್ನಾಗಿರೋದು. ಆಮೇಲೆ ಎದ್ದು, ಆ ಪುಟದಲ್ಲಿ ಬಡಗಿಯ ಮಗಳ ಕೆಳಗೆ ತನ್ನ ಮಗಳದ್ದೂ ಒಂದು ಸಾಲು ಬರೆಯಬೇಕು ಅಂದ್ಲು. ವಯಸ್ಸು ಏಳು, ಸೂಜಿ ಬಿಟ್ಟು ಹನ್ನೊಂದನೇ ದಿನ. ನನ್ನ ತಂಗಿ ಅವಳ ಎದುರಿಗೇ ಟೈಪ್ ಮಾಡಿದ್ಲು.

ಇದಾಗಿ ಒಂದೂವರೆ ವರ್ಷ. ಮಗಳ ಸುದ್ದಿ ಇಲ್ಲ. ಅವಳಿಗೆ ಮಗು ಆಯ್ತು ಅಂತ ಯಾರೋ ಹೇಳಿದ್ರು, ಗಂಡೋ ಹೆಣ್ಣೋ ಗೊತ್ತಿಲ್ಲ. ಮಂಡಳಿಯವರು ದೂರು ಕೊಡೋದು ನಿಲ್ಲಿಸಿಲ್ಲ. ಇವತ್ತು ಒಂದು ಪುಟ, ಮುಂದಿನ ತಿಂಗಳು ಇನ್ನೊಂದು. ಪ್ರತಿ ದೂರಿಗೂ ಪುಟ ಹತ್ತಿರ ಹತ್ತಿರ ಮೂರು ವಾರ ಮಾಯ. ಕೆಳಗಿಂದ ಅಂಗಡಿಯವನು "ದೂರು ಬಂತಮ್ಮ, ಬಂತು" ಅಂತ ಕೂಗಿದ್ರೆ ಸಾಕು, ಇವಳು ತಟ್ಟೆ ಮುಂದಿಂದ ಎದ್ದು ಎಂಜಲು ಕೈಯನ್ನೇ ಸೆರಗಿಗೆ ಒರೆಸ್ಕೊಂಡು ಅರ್ಜಿಗೆ ಸಹಿ ಹಾಕೋಕೆ ಇಳೀತಾಳೆ. ಎರಡು ತುತ್ತು ಉಳಿದಿದೆ, ತಿಂದು ಹೋಗೇ ಅಂದ್ರೆ ಕೇಳಲ್ಲ.

"ಈಗ ಯಾರೋ ಹುಡುಕ್ತಿರ್ತಾರೆ ಅಕ್ಕ" ಅಂತಾಳೆ.